ಮೋರ್ಚಾ, ಲಾಬಿ, ಬಹಿರಂಗ ಪತ್ರ: ಸರಕಾರ ಯಾವುದಕ್ಕೆ ಮಣಿಯುತ್ತದೆ?

ಡೊಂಬಿವಲಿಯ ಓದುಗ:
ಮಾನ್ಯರೆ, ನಮ್ಮ ಕನ್ನಡ ಸಂಘದ ವಿಚಾರಗೋಷ್ಠಿಯಲ್ಲಿ ರಾಜಕೀಯ ಬದಲಾವಣೆಯ ದಾರಿಗಳ ಕುರಿತು ನಾನು ಮಾತನಾಡಬೇಕಾಗಿದೆ. ಬೀದಿಗಿಳಿದು ಪ್ರತಿಭಟಿಸುವುದು, ಶಾಸಕರನ್ನೂ ಅಧಿಕಾರಿಗಳನ್ನೂ ಕಂಡು ಲಾಬಿ ನಡೆಸುವುದು, ಗಣ್ಯರ ಸಹಿಯುಳ್ಳ ಬಹಿರಂಗ ಪತ್ರ ಬರೆಯುವುದು, ಈ ಮೂರರಲ್ಲಿ ಹೆಚ್ಚು ಫಲ ಕೊಟ್ಟದ್ದು ಯಾವುದು? ಮುಂಬಯಿ, ಪುಣೆಯ ನಿದರ್ಶನಗಳನ್ನೇ ತಿಳಿಸಿದರೆ ಉಪಕಾರವಾಗುತ್ತದೆ.

ಪರೇಲ್‌ನಿಂದ:
ಮುಂಬಯಿಯ ಬಟ್ಟೆಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನವನಾದ್ದರಿಂದ ಮುಷ್ಕರದಿಂದಲೇ ಆರಂಭಿಸುತ್ತೇನೆ. 1982ರ ಜನವರಿ 18ರಂದು ಕಾರ್ಮಿಕ ಮುಖಂಡ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಜನಬಲವೊಂದೇ ಸಾಕಾಗುವಂತಿದ್ದರೆ ಆ ಮುಷ್ಕರ ಗೆಲ್ಲಬೇಕಿತ್ತು. ಆದರೆ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಮಾತುಕತೆಯ ಹಕ್ಕು ಮಾನ್ಯತೆ ಪಡೆದಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಮಾತ್ರ ಇದ್ದುದರಿಂದ, ಬೀದಿಯಲ್ಲಿದ್ದವರ ಪರವಾಗಿ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವೇ ಸಾಮಂತರಿಗೆ ಇರಲಿಲ್ಲ.

2018ರ ಮಾರ್ಚ್‌ನಲ್ಲಿ ನಾಸಿಕದಿಂದ ಸುಮಾರು 180 ಕಿ.ಮೀ. ನಡೆದು ಬಂದ ರೈತರ ಕಥೆ ಬೇರೆ. ಅವರಲ್ಲಿ ಬಹಳ ಮಂದಿ ಅರಣ್ಯ ಹಕ್ಕು ಕಾಯ್ದೆಯಡಿ ಭೂಮಿಯ ಪಟ್ಟಾ ಕೇಳುತ್ತಿದ್ದ ಆದಿವಾಸಿಗಳು. ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗುವ ಮಕ್ಕಳಿಗೆ ತೊಂದರೆಯಾಗಬಾರದೆಂದು ಅವರು ಆಜಾದ್ ಮೈದಾನಕ್ಕೆ ರಾತ್ರಿಯೇ ನಡೆದರು. ನಗರದ ಮಧ್ಯಮವರ್ಗದ ಮನಸ್ಸು ಅವರ ಕಡೆ ವಾಲಿದ್ದು ಆ ಒಂದು ನಿರ್ಧಾರದಿಂದ ಎಂದು ನನ್ನ ಎಣಿಕೆ. ಸರಕಾರ ಲಿಖಿತ ಭರವಸೆ ಕೊಟ್ಟಿತು. ಆದರೂ 2019ರಲ್ಲಿ, ಮತ್ತೆ 2023ರಲ್ಲಿ ಅವರು ಹೊರಡಬೇಕಾಯಿತು.

ಪುಣೆಯಿಂದ:
ಲಾಬಿ ಎಂದೊಡನೆ ಉದ್ಯಮಪತಿಗಳೇ ನೆನಪಾಗಬೇಕಿಲ್ಲ. ಮೂಢನಂಬಿಕೆ ವಿರೋಧಿ ಕಾಯ್ದೆಗಾಗಿ ವಿಚಾರವಾದಿ ನರೇಂದ್ರ ದಾಭೋಲ್ಕರರು ಹದಿನೈದು ವರ್ಷಕ್ಕೂ ಮಿಕ್ಕಿ ಶಾಸಕರ ಬೆನ್ನು ಹತ್ತಿದ್ದರು. ಆಕ್ಷೇಪಗಳು ಬಂದಂತೆಲ್ಲ ಕರಡು ಬದಲಾಯಿತು, ಸರಕಾರಗಳೂ ಬದಲಾದವು, ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ. 2013ರ ಆಗಸ್ಟ್ 20ರಂದು ನಮ್ಮದೇ ಊರಿನಲ್ಲಿ ಅವರ ಕೊಲೆಯಾಯಿತು. ಜನರ ಆಕ್ರೋಶದ ನಡುವೆ ಅದೇ ತಿಂಗಳು ಸುಗ್ರೀವಾಜ್ಞೆ ಹೊರಬಿತ್ತು, ಡಿಸೆಂಬರ್‌ನಲ್ಲಿ ಕಾಯ್ದೆಯೇ ಆಯಿತು. ಅಷ್ಟು ಬೇಗ ಆದದ್ದು ಕರಡು ಮೊದಲೇ ಸಿದ್ಧವಿದ್ದುದರಿಂದ. ಆದ್ದರಿಂದ ಲಾಬಿ ಸೋತಿತೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಗೋರೆಗಾಂವ್‌ನಿಂದ:
ಪತ್ರಗಳ ವಿಷಯದಲ್ಲಿ ನನಗೆ ಅಂಥ ಭ್ರಮೆಯೇನೂ ಇಲ್ಲ. ಗಣ್ಯರ ಸಹಿಗಳನ್ನು ಓದುವವರು ಹೆಚ್ಚಾಗಿ ಗಣ್ಯರೇ. ಆದರೆ 2019ರ ಅಕ್ಟೋಬರ್‌ನಲ್ಲಿ ಮೆಟ್ರೋ ರೈಲುಗಳನ್ನು ನಿಲ್ಲಿಸುವ ಕಾರ್ ಶೆಡ್‌ಗಾಗಿ ನಮ್ಮ ಆರೆ ಕಾಲನಿಯ ಮರಗಳನ್ನು ಕಡಿಯತೊಡಗಿದಾಗ, ಕಾನೂನು ವಿದ್ಯಾರ್ಥಿಗಳು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಪರಿಗಣಿಸಿ ಅಕ್ಟೋಬರ್ 7ರಂದು ಕಡಿತ ನಿಲ್ಲಿಸಿತು. ಆ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ಕಾಂಜೂರ್‌ಮಾರ್ಗಕ್ಕೆ ಹೋದ ಕಾರ್ ಶೆಡ್ 2022ರಲ್ಲಿ ಸರಕಾರ ಬದಲಾದ ಮೇಲೆ ಆರೆಗೇ ಮರಳಿತು. ಪತ್ರ ಫಲಿಸಿದ್ದು ಅದು ತಲುಪಿದವರಿಗೆ ತಡೆಯಾಜ್ಞೆ ಕೊಡುವ ಅಧಿಕಾರವಿದ್ದುದರಿಂದ, ಅದೂ ಸ್ವಲ್ಪ ಕಾಲದ ಮಟ್ಟಿಗೆ.

ಡೊಂಬಿವಲಿಯ ಓದುಗ:
ಎಲ್ಲರಿಗೂ ವಂದನೆಗಳು. ಹಾಗಾದರೆ ನಮ್ಮಂಥ ಸಣ್ಣ ಸಂಘ ಎಲ್ಲಿಂದ ತೊಡಗಬೇಕು?

ಪರೇಲ್‌ನಿಂದ:
ನಿಮ್ಮ ಬೇಡಿಕೆಗೆ ಸಹಿ ಹಾಕಬಲ್ಲವರು ಯಾರು, ನಗರಪಾಲಿಕೆಯೋ ರಾಜ್ಯ ಸಚಿವಾಲಯವಾದ ಮಂತ್ರಾಲಯವೋ ಎಂಬುದನ್ನು ಮೊದಲು ಪತ್ತೆಮಾಡಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿದ ಮೇಲೆ, ಅವರಿಗೆ ಮನವಿ ಸಾಕೋ ಮೋರ್ಚಾ ಬೇಕೋ ಎಂಬುದನ್ನು ಸಭೆಯಲ್ಲಿ ತೀರ್ಮಾನಿಸಿ.