ಕೈತೋಟಕ್ಕೆ ಚಿಟ್ಟೆ, ಹಕ್ಕಿ ಬರಲು ನೀವೇನು ಮಾಡಿದಿರಿ?

ಪ್ರಶ್ನೆ: ಮನೆ ಹಿಂದೆ ಚಿಕ್ಕ ಕೈತೋಟ ಇದೆ. ಹೂಗಿಡ ಬೇಕಾದಷ್ಟು ಹಾಕಿದ್ದೇನೆ. ಆದರೂ ಚಿಟ್ಟೆ ಬಂದು ಒಂದು ಸುತ್ತು ಹಾಕಿ ಹೋಗಿಬಿಡುತ್ತದೆ. ಹಕ್ಕಿಗಳೂ ಅಷ್ಟೇ, ನಿಲ್ಲುವುದಿಲ್ಲ. ಮಾಡಿ ನೋಡಿದವರು ಹೇಳಿ.

ಉತ್ತರ: ಹೂವಿನಲ್ಲಿ ಚಿಟ್ಟೆಗೆ ಮಕರಂದ ಸಿಗುತ್ತದೆ, ನಿಜ. ಆದರೆ ಮೊಟ್ಟೆ ಇಡಲು ಬೇರೆ ಗಿಡ ಬೇಕು, ಅದರ ಮರಿಹುಳು ತಿನ್ನುವಂಥದ್ದು. ಇದು ಗೊತ್ತಿಲ್ಲದೆ ನಾನೂ ಎರಡು ವರ್ಷ ಬರೀ ಹೂಗಿಡ ತಂದು ತುಂಬಿಸಿದೆ. ಒಂದು ದಿನ ಕುಂಡದ ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂತ ಒರೆಸಲು ಹೋದರೆ, ಅದು ಅಲ್ಲಾಡಿತು! ನಿಂಬೆ ಚಿಟ್ಟೆಯ ಎಳೆ ಹುಳು ಇರುವುದೇ ಹಾಗೆ, ಹಕ್ಕಿಯ ಕಣ್ಣು ತಪ್ಪಿಸಲು. ಬೆಳೆದ ಮೇಲೆ ಹಸಿರಾಗುತ್ತದೆ. ಅರ್ಧ ಗಿಡ ಬೋಳಾಯಿತು. ಸುಮ್ನೆ ಬಿಟ್ಟೆ, ಮತ್ತೆ ಚಿಗುರಿತು. ಎಕ್ಕದ ಗಿಡ ತಾನಾಗಿ ಹುಟ್ಟಿದ್ದರೆ ಅದನ್ನೂ ಕೀಳಬೇಡಿ, ಅದನ್ನು ತಿನ್ನುವ ಚಿಟ್ಟೆಹುಳುಗಳೇ ಬೇರೆ. ಇನ್ನು ಹಕ್ಕಿ ವಿಷಯ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ತಂದು ಕೊಡುವುದು ಹುಳುವನ್ನೇ. ಹುಳುವೇ ಇಲ್ಲದ ತೋಟದಲ್ಲಿ ಅದು ಯಾಕೆ ನಿಲ್ಲುತ್ತದೆ ಹೇಳಿ?

ಉತ್ತರ: ನೀರಿಡಿ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಮೊದಲು ಬಕೆಟ್‌ನಲ್ಲಿ ಇಟ್ಟಿದ್ದೆ, ಬೆಳಗ್ಗೆ ನೋಡಿದರೆ ಅಳಿಲು ಮುಳುಗಿ ಸತ್ತಿತ್ತು. ಈಗ ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ, ನಡುವೆ ಒಂದು ಕಲ್ಲು. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯುತ್ತೇನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ಆ ಕಾಟ ಇಲ್ಲ. ಪೊದೆ ಪಕ್ಕದಲ್ಲೇ ಇಡಬೇಡಿ, ಬೆಕ್ಕು ಹೊಂಚು ಹಾಕುತ್ತದೆ.

ಉತ್ತರ: ತರಗೆಲೆ ಗುಡಿಸಿ ಸುಡುವುದನ್ನು ಬಿಟ್ಟೆ, ಅಷ್ಟೇ. ಮೂಲೆಯ ರಾಶಿಯಲ್ಲಿ ಈಗ ಎರೆಹುಳು, ಕಪ್ಪೆ ಎಲ್ಲ ಇವೆ. ಹಾವು ಬರುತ್ತದೆ ಅಂತ ಮನೆಯಲ್ಲಿ ಜಗಳ ನಡೆದೇ ಇದೆ. ರಾಶಿಯನ್ನು ಬಾಗಿಲಿನಿಂದ ದೂರ ಹಾಕಿಕೊಳ್ಳಿ.

ಉತ್ತರ: ಹಕ್ಕಿ ಬರಲು ಶುರುವಾದ ಮೇಲೆ ಕಿಟಕಿ ಗಾಜಿಗೆ ಬಡಿದುಕೊಳ್ಳುವುದೂ ಜಾಸ್ತಿಯಾಯಿತು. ಹದ್ದಿನ ಚಿತ್ರ ಒಂದು ಅಂಟಿಸಿದೆ, ಕೆಲಸಕ್ಕೆ ಬರಲಿಲ್ಲ. ಗಾಜಿನ ಹೊರಗಡೆ ಎರಡೆರಡು ಇಂಚಿಗೆ ಚುಕ್ಕೆ ಅಂಟಿಸಿದ ಮೇಲೆ ನಿಂತಿತು.

ಪ್ರಶ್ನೆ ಕೇಳಿದವರು: ನಿಂಬೆ ಗಿಡದ ಕಥೆ ಓದಿ ಬೇಜಾರಾಯಿತು. ಹೋದ ತಿಂಗಳು ಎಲೆ ತೂತಾಗಿದೆ ಅಂತ ಇಡೀ ತೋಟಕ್ಕೆ ಔಷಧಿ ಹೊಡೆದವನು ನಾನೇ. ಉಳಿದ ಡಬ್ಬಿ ಇನ್ನೂ ಇದೆ. ಅದನ್ನು ಚರಂಡಿಗೆ ಚೆಲ್ಲಬಾರದು ಅಲ್ವಾ?

ಉತ್ತರ: ಖಂಡಿತ ಬೇಡ, ನೀರಿಗೆ ಸೇರುತ್ತದೆ. ಡಬ್ಬಿ ಮೇಲಿನ ಸೂಚನೆ ಓದಿ, ಅದರಂತೆ ಮಾಡಿ.