ಆಯಿಲ್ ಸೀಲ್: ಒಸರುವುದೋ, ಸೋರುವುದೋ?

ಎಲ್ಲರಿಗೂ ನಮಸ್ಕಾರ.

ಹಳೆಯ ಕಾರುಗಳ ಆಯಿಲ್ ಸೀಲ್ (ಎಂಜಿನ್ನಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಕುರಿತ ಒಂದು ಕೈಪಿಡಿಯ ಕನ್ನಡ ತಿದ್ದುತ್ತಿದ್ದೇನೆ. ಅದರಲ್ಲಿ ಎಲ್ಲ ಕಡೆಯೂ ‘ಸೋರಿಕೆ’ ಎಂದೇ ಇದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಗ್ಯಾರೇಜುಗಳಲ್ಲಿ ಕೇಳುವ ಮಾತು ಬೇರೆ. ಎಂಜಿನ್ನಿನ ಮೈಯಲ್ಲಿ ಎಣ್ಣೆಪಸೆ ಕಟ್ಟಿ ಧೂಳು ಹಿಡಿದಿದ್ದರೆ ‘ಒಸರ್ತಾ ಉಂಟು’. ನೆಲಕ್ಕೆ ತೊಟ್ಟು ಬಿದ್ದರೆ ‘ಸೋರ್ತಾ ಉಂಟು’.

ಒಸರು ಇಲ್ಲಿ ದಿನಬಳಕೆಯ ಮಾತು. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗದಲ್ಲಿ ನೀರು ಒಸರುತ್ತದೆ, ಯಾರೂ ಅದನ್ನು ಸೋರುತ್ತದೆ ಎನ್ನುವುದಿಲ್ಲ. ತುಳುವಿನಲ್ಲೂ ಒಸರ್ ಇದೆ. ಸೋರುವುದು ಮನೆಯ ಮಾಡು (ಛಾವಣಿ), ಕೊಡಪಾನ. ಮಲಯಾಳದ ‘ಚೋರುಕ’ ಇದರದೇ ಒಡಹುಟ್ಟು.

ಈ ಭೇದವನ್ನು ಕೈಪಿಡಿಯಲ್ಲಿ ಉಳಿಸಲೇಬೇಕು ಎಂದು ನನ್ನ ಹಟ. ಕಾರಿನವರ ಖರ್ಚು ಅದರ ಮೇಲೆ ನಿಂತಿದೆ. ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಅಗ್ಗದ ಸಾಮಾನು, ಆದರೆ ಅದನ್ನು ಬದಲಿಸಲು ಸಾಮಾನ್ಯವಾಗಿ ಗೇರ್‌ಬಾಕ್ಸನ್ನೇ ಇಳಿಸಬೇಕು. ಬರೀ ಒಸರುತ್ತಿದ್ದರೆ ಆಯಿಲ್ ಮಟ್ಟ ನೋಡಿಕೊಳ್ಳುತ್ತ ಓಡಿಸಬಹುದು. ಬಿಸಿಗೆ ರಬ್ಬರ್ ಗಟ್ಟಿಯಾಗಿದ್ದರೆ, ಅದನ್ನು ಮೆತ್ತಗಾಗಿಸಿ ಉಬ್ಬಿಸುವ ದ್ರಾವಣವೂ ಸ್ವಲ್ಪ ಕಾಲ ತಡೆದೀತು. ಹರಿದುಹೋಗಿ ಸೋರುವ ಸೀಲಿಗೆ ಅದು ಮದ್ದಲ್ಲ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿನ ಬದಿಯ ಸೀಲಾದರೆ ಒಸರನ್ನೂ ಬಿಡುವಂತಿಲ್ಲ. ಎಣ್ಣೆ ತಾಗಿದ ಬೆಲ್ಟ್ ಹಾಳಾಗುತ್ತದೆ. ಮಾರುತಿ 800ರಲ್ಲಿ ಇರುವುದು ಈ ಬೆಲ್ಟೇ, ಆ ಕಾರು ಇರುವವರು ಇದನ್ನು ತಿಳಿದಿರಬೇಕು.

ಇನ್ನೊಂದು ಸೂಕ್ಷ್ಮ. ತೊಟ್ಟು ಬೀಳುವ ಜಾಗ ಒಂದು, ಎಣ್ಣೆ ಹೊರಡುವ ಜಾಗ ಇನ್ನೊಂದು. ಮೇಲಿನ ವಾಲ್ವ್ ಕವರಿನ ಪ್ಯಾಕಿಂಗಿನಿಂದ ಒಸರಿದ್ದು ಎಂಜಿನ್ನಿನ ಬೆನ್ನಲ್ಲಿ ಇಳಿದು ಗೇರ್‌ಬಾಕ್ಸಿನ ಸಂದಿನಲ್ಲಿ ತೊಟ್ಟಿಕ್ಕುತ್ತದೆ, ಹಿಂದಿನ ಸೀಲೇ ಹೋಯಿತು ಅನ್ನಿಸುತ್ತದೆ. ಹಾಗಾಗಿ ಮೊದಲು ತೊಳೆದು ಒರೆಸಿ, ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತ ಬರಬೇಕು. ಎಂಜಿನ್ ಉಸಿರಾಡುವ ಬ್ರೀದರ್ ಕೊಳವೆ ಕಸ ಕಟ್ಟಿ ಮುಚ್ಚಿದ್ದರೆ ಒಳಗಿನ ಒತ್ತಡ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರತಳ್ಳುತ್ತದೆ. ಮೂಲ ಜಾಗಕ್ಕೆ ‘ಒಸರುಬಾಯಿ’, ಬೀಳುವ ಜಾಗಕ್ಕೆ ‘ತೊಟ್ಟುಜಾಗ’ ಎಂದು ಬರೆದಿದ್ದೇನೆ. ಓದುವಾಗ ತೊಡಕಾಗುತ್ತದೆಯೇ?

ಸೀಲಿಗೆ ಕರಡಿನಲ್ಲಿ ‘ಮುದ್ರೆ’ ಎಂದಿತ್ತು, ಹೊಡೆದುಹಾಕಿದೆ. ಮುದ್ರೆ ಕಾಗದಕ್ಕೆ ಒತ್ತುವಂಥದು. ತಿರುಗುವ ಶಾಫ್ಟನ್ನು ಅಪ್ಪಿ ಹಿಡಿದು ಎಣ್ಣೆ ತಡೆಯುವ ರಬ್ಬರ್ ಬಳೆಗೆ ಸೀಲ್ ಎಂದೇ ಇರಲಿ. ಆದರೆ ಶಾಫ್ಟಿಗೆ ತಾಗುವ ಅದರ ತೆಳು ಅಂಚಿಗೆ ಏನನ್ನೋಣ? ‘ತುಟಿ’ ನನಗೆ ಹಿಡಿಸಿದೆ. ಸವೆದ ತುಟಿ, ಮಡಚಿದ ತುಟಿ ಎಂದರೆ ಚಿತ್ರ ಕೂಡಲೇ ಕಣ್ಣಿಗೆ ಬರುತ್ತದೆ.

ಮಂಜೇಶ್ವರ, ಉಪ್ಪಳದ ಕಡೆಯವರು, ಘಟ್ಟದ ಮೇಲಿನವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಎಣ್ಣೆಗೆ ‘ಒಸರು’ ಬಳಸುತ್ತಾರೆಯೇ, ಅಥವಾ ‘ಜಿನುಗು’ ಹೆಚ್ಚು ರೂಢಿಯೇ?