ಸಹಾಯ ಬೇಕು: ಬಿಪಿ ಇಳಿದ ಮೇಲೂ ಗುಳಿಗೆ ಬೇಕಾ?

ನಮಸ್ಕಾರ ರೀ, ಜಮಖಂಡಿಯಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ ಮೊದಲಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ನಡೀತಿದೆ, ಮೂರು ತಿಂಗಳ ಶುಗರ್ ಸರಾಸರಿ (HbA1c) 7.2. ಈಚೆಗೆ ಬಿಪಿನೂ 150/90ರ ಆಸುಪಾಸು ಬಂತು. ಮೂತ್ರದ ಎಸಿಆರ್ (ಮೂತ್ರದಲ್ಲಿ ಪ್ರೋಟೀನ್ ಸೋರೋದನ್ನ ತೋರಿಸೋ ಪರೀಕ್ಷೆ) 30ರ ಒಳಗಿರಬೇಕಂತೆ, ಇವರದು 85. ಶುಗರ್, ಬಿಪಿ ಎರಡೂ ಸೇರಿದರೆ ಕಿಡ್ನಿಯ ಸಣ್ಣ ರಕ್ತನಾಳಗಳು ಬೇಗ ಹಾಳಾಗುತ್ತವೆ ಅಂತ ಡಾಕ್ಟರು ಟೆಲ್ಮಿಸಾರ್ಟನ್ ಅನ್ನೋ ಬಿಪಿ ಗುಳಿಗೆ ಬರೆದರು. ಉಪ್ಪಿನಕಾಯಿ ಬಿಡಿಸಿದ್ದೇವೆ, ಆದರೆ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿಗೆ ಉಪ್ಪು ಉದುರಿಸೋದು ಮಾತ್ರ ಬಿಡಲ್ಲ, ಅಷ್ಟು ಹಠ!

ಈಗ ಮನೆಯಲ್ಲಿ ಅಳೆದರೆ 126/78. "ಬಿಪಿ ಹೋಯ್ತಲ್ಲ, ಸುಮ್ನೆ ಗುಳಿಗೆ ಯಾಕೆ" ಅಂತಾರೆ. ಬರೆದುಕೊಟ್ಟ ಡಾಕ್ಟರು ರಜೆಯಲ್ಲಿದ್ದಾರೆ, ಮೆಡಿಕಲ್‌ನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಪಿ ಸರಿ ಇದ್ದಾಗಲೂ ಕಿಡ್ನಿ ಸಲುವಾಗಿ ಇದೇ ಗುಳಿಗೆ ಮುಂದುವರಿಸಬೇಕಾ? ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋದು), ಪೊಟ್ಯಾಸಿಯಂ ಮತ್ತೆ ಯಾವಾಗ ನೋಡಿಸಬೇಕು? ಗೊತ್ತಿದ್ದವರು ಹೇಳಿ.